ಶಾಲು, ಹಾರ, ಫೋಟೊ ಸಾಕ್ಷ್ಯವಾಗುವುದಿಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಕೆಲಸಕ್ಕಿರುವ ಮಕ್ಕಳ ತಂದೆ–ತಾಯಂದಿರು ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಒಂದು ಫೈಲು ಹಿಡಿದುಕೊಂಡು ಅನುವಾದಕರನ್ನು ಹುಡುಕಿಕೊಂಡು ಬರುತ್ತಾರೆ. ಫೈಲಿನಲ್ಲಿ ಶಾಲು ಹೊದಿಸಿ ಹಾರ ಹಾಕಿದ ಫೋಟೊ, ‘ಅಂತಾರಾಷ್ಟ್ರೀಯ ಸಾಧಕ’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾದ ಪ್ರಶಸ್ತಿ ಪತ್ರ, ಜಿಲ್ಲಾ ಪುಟದಿಂದ ಕತ್ತರಿಸಿದ ಎರಡು ಕಾಲಂ ಸುದ್ದಿ. ‘ಇಷ್ಟನ್ನೂ ಇಂಗ್ಲಿಷಿಗೆ ಮಾಡಿಕೊಡಿ, ಮಗನ ಗ್ರೀನ್ ಕಾರ್ಡಿಗೆ ಬೇಕಂತೆ’ ಎನ್ನುತ್ತಾರೆ. ಅನುವಾದ ಮಾಡಿಕೊಡಬಹುದು. ಆದರೆ ಆ ಫೈಲಿನ ಬಹುಪಾಲು ಕಾಗದ ಅವರ ಮಗನಿಗೆ ಉಪಯೋಗಕ್ಕೆ ಬರುವುದಿಲ್ಲ, ಕೆಲವು ಕಾಗದ ಅವನಿಗೇ ಮುಳುವಾಗುತ್ತದೆ. ಉಪಯೋಗಕ್ಕೆ ಬರುವ ದಾಖಲೆ ಇದೇ ಊರಲ್ಲಿ, ಕೆಲವೊಮ್ಮೆ ತಮ್ಮ ಪತ್ರಿಕೆಯ ಹಳೆಯ ಪುಟಗಳಲ್ಲೇ ಇರುತ್ತದೆ. ಅದನ್ನು ಯಾರೂ ಕೇಳಿಕೊಂಡು ಬರುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ವಿಷಯ ಇಬಿ-1ಎ ಎಂಬ ವಲಸೆ ಅರ್ಜಿಯದು. ವಿಜ್ಞಾನ, ಕಲೆ, ಶಿಕ್ಷಣ, ವ್ಯಾಪಾರ, ಕ್ರೀಡೆ, ಈ ಐದರಲ್ಲಿ ಯಾವುದಾದರೊಂದು ರಂಗದಲ್ಲಿ ‘ಅಸಾಧಾರಣ ಸಾಮರ್ಥ್ಯ’ ಇರುವವರಿಗೆ ಅಮೆರಿಕದ ಕಾನೂನು ಕೊಟ್ಟಿರುವ ದಾರಿ ಇದು. ಕಂಪನಿಯ ಆಫರ್ ಲೆಟರ್ ಬೇಕಿಲ್ಲ, ಕಾರ್ಮಿಕ ಇಲಾಖೆಯ ಪ್ರಮಾಣೀಕರಣವೂ ಬೇಕಿಲ್ಲ, ಅಭ್ಯರ್ಥಿ ತಾನೇ ಐ-140 ನಮೂನೆ ತುಂಬಿ ಹಾಕಬಹುದು. 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ದರದ ಪ್ರಕಾರ ನಮೂನೆಯ ಶುಲ್ಕ 715 ಡಾಲರ್, ಸ್ವತಃ ಅರ್ಜಿ ಹಾಕುವವರಿಗೆ ಅದರ ಮೇಲೆ 300 ಡಾಲರ್. ಪ್ರೀಮಿಯಂ ಪ್ರೊಸೆಸಿಂಗ್‌ಗೆ ಬೇರೆ ಹಣ ಕಟ್ಟಿದರೆ 15 ಕೆಲಸದ ದಿನಗಳೊಳಗೆ ಉತ್ತರ ಬರುತ್ತದೆ. ಉನ್ನತ ಪದವೀಧರರ ಗ್ರೀನ್ ಕಾರ್ಡ್ ವರ್ಗವಾದ ಇಬಿ-2 ಸಾಲಿನಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಕಾಯುತ್ತಿರುವ ನಮ್ಮವರಿಗೆ ಇದು ಹತ್ತಿರದ ದಾರಿಯಾಗಿ ಕಾಣುವುದು ಸಹಜ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾದ ಮೇಲಂತೂ ಎಲ್ಲರ ಬಾಯಲ್ಲೂ ಇದೇ ಮಾತು. ಬೇಡಿಕೆ ಹುಟ್ಟಿದ ಕಡೆ ದಲ್ಲಾಳಿ ಹುಟ್ಟುತ್ತಾನೆ. ‘ಪ್ರೊಫೈಲ್ ಬಿಲ್ಡಿಂಗ್’ ಎಂಬ ಹೆಸರಿನಲ್ಲಿ ಪ್ರಶಸ್ತಿ, ಸದಸ್ಯತ್ವ, ಲೇಖನ, ತೀರ್ಪುಗಾರಿಕೆ ಎಲ್ಲವನ್ನೂ ಒಂದು ಪ್ಯಾಕೇಜಿನಲ್ಲಿ ಮಾರುವವರು ಇದ್ದಾರೆ.

ಅರ್ಜಿಯನ್ನು ಅಧಿಕಾರಿ ಹೇಗೆ ಓದುತ್ತಾರೆ ಎಂಬುದನ್ನು ಮೊದಲು ತಿಳಿಯಬೇಕು. ನೊಬೆಲ್‌ನಂಥ ಒಂದೇ ಒಂದು ಜಗದ್ವಿಖ್ಯಾತ ಪುರಸ್ಕಾರ ಇದ್ದರೆ ಅಷ್ಟೇ ಸಾಕು. ಇಲ್ಲದವರಿಗೆ ಹತ್ತು ಮಾನದಂಡಗಳಿವೆ: ರಾಷ್ಟ್ರೀಯ ಅಥವಾ ಅಂತಾರಾಷ್ಟ್ರೀಯ ಮನ್ನಣೆಯ ಬಹುಮಾನ, ಸಾಧನೆ ನೋಡಿಯೇ ಸೇರಿಸಿಕೊಳ್ಳುವ ಸಂಘದ ಸದಸ್ಯತ್ವ, ತಮ್ಮ ಬಗ್ಗೆ ಪ್ರಮುಖ ಮಾಧ್ಯಮದಲ್ಲಿ ಬಂದ ಬರಹ, ಇತರರ ಕೆಲಸಕ್ಕೆ ತೀರ್ಪುಗಾರಿಕೆ, ಆ ರಂಗಕ್ಕೇ ಮಹತ್ವದ್ದೆನಿಸಿದ ಸ್ವಂತ ಕೊಡುಗೆ, ವಿದ್ವತ್ ಲೇಖನ, ಕಲಾ ಪ್ರದರ್ಶನ, ಹೆಸರಾಂತ ಸಂಸ್ಥೆಯಲ್ಲಿ ನಾಯಕತ್ವದ ಅಥವಾ ನಿರ್ಣಾಯಕ ಪಾತ್ರ, ಉಳಿದವರಿಗಿಂತ ಎದ್ದು ಕಾಣುವ ಸಂಬಳ, ಪ್ರದರ್ಶನ ಕಲೆಗಳಲ್ಲಿ ವಾಣಿಜ್ಯ ಯಶಸ್ಸು. ಇವುಗಳಲ್ಲಿ ಮೂರು ಇರಬೇಕು. ಮೂರು ಇದ್ದ ಕೂಡಲೇ ಕೆಲಸ ಆಯಿತು ಎಂದು ಎಷ್ಟೋ ಜನ ತಿಳಿದಿದ್ದಾರೆ. ಎಡವುವುದು ಅಲ್ಲೇ. 2010ರಲ್ಲಿ ಕಜಾರಿಯನ್ ಎಂಬ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪಿನ ನಂತರ ಪರಿಶೀಲನೆ ಎರಡು ಹಂತದಲ್ಲಿ ನಡೆಯುತ್ತಿದೆ. ಮೊದಲ ಹಂತದಲ್ಲಿ ಎಣಿಕೆ: ಮೂರು ಮಾನದಂಡಕ್ಕೆ ಪುರಾವೆ ಇದೆಯೇ? ಎರಡನೆಯದರಲ್ಲಿ ತೂಕ: ಎಲ್ಲ ದಾಖಲೆಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಈ ವ್ಯಕ್ತಿ ತನ್ನ ರಂಗದ ತುತ್ತತುದಿಗೆ ಏರಿದ ಕೆಲವೇ ಕೆಲವರಲ್ಲಿ ಒಬ್ಬ ಎನಿಸುತ್ತದೆಯೇ, ಆ ಮನ್ನಣೆ ವರ್ಷಗಳಿಂದ ಉಳಿದುಕೊಂಡು ಬಂದಿದೆಯೇ? ಕೊಂಡ ಪ್ರಶಸ್ತಿ ಎಣಿಕೆಯಲ್ಲಿ ಹೇಗೋ ನುಸುಳಿಕೊಂಡರೂ ತೂಕದಲ್ಲಿ ಬೀಳುತ್ತದೆ. ತಾನು ಬೀಳುವುದಷ್ಟೇ ಅಲ್ಲ, ಪಕ್ಕದಲ್ಲಿರುವ ನಿಜವಾದ ಸಾಧನೆಯ ಮೇಲೂ ಅನುಮಾನದ ನೆರಳು ಚೆಲ್ಲುತ್ತದೆ. ‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎನ್ನುವ ನಮ್ಮ ಗಾದೆ ಈ ಅರ್ಜಿಗೆ ಅಕ್ಷರಶಃ ಹೊಂದುತ್ತದೆ.

ಪ್ರಶಸ್ತಿಯ ಮಾತಿಗೇ ಬರುತ್ತೇವೆ, ಏಕೆಂದರೆ ಹಣ ಹೆಚ್ಚು ಪೋಲಾಗುವುದು ಇಲ್ಲಿ. ಒಂದು ಪ್ರಶಸ್ತಿಗೆ ಬೆಲೆ ಬರಬೇಕಾದರೆ ಅದರ ಜೊತೆಗೆ ನಾಲ್ಕು ಸಂಗತಿ ಕಾಗದದ ಮೇಲೆ ಇರಬೇಕು: ಕೊಡುವವರು ಯಾರು, ಆಯ್ಕೆಯ ಮಾನದಂಡ ಏನು, ಆ ವರ್ಷ ಎಷ್ಟು ಜನ ಕಣದಲ್ಲಿದ್ದರು, ಹಿಂದೆ ಯಾರಿಗೆ ಸಿಕ್ಕಿದೆ. ‘ನಾಮನಿರ್ದೇಶನ ಶುಲ್ಕ’, ‘ಟ್ರೋಫಿ ಶುಲ್ಕ’, ‘ಭೋಜನಕೂಟದ ಟೇಬಲ್’ ಎಂದು ಹಣ ಕಟ್ಟಿಸಿಕೊಂಡು, ಅರ್ಜಿ ಹಾಕಿದವರಿಗೆಲ್ಲ ಬಂಗಾರ–ಬೆಳ್ಳಿ–ಕಂಚು ಎಂದು ಹಂಚುವ ಪ್ರಶಸ್ತಿಗೆ ಈ ನಾಲ್ಕಕ್ಕೂ ಉತ್ತರವಿರುವುದಿಲ್ಲ. ಅಧಿಕಾರಿ ಆ ಸಂಸ್ಥೆಯ ಜಾಲತಾಣ ತೆರೆದು ನೋಡಿದರೆ ದರಪಟ್ಟಿಯೇ ಅಲ್ಲಿರುತ್ತದೆ. ಮಾನ್ಯತೆ ಇಲ್ಲದ ವಿಶ್ವವಿದ್ಯಾಲಯಗಳ ‘ಗೌರವ ಡಾಕ್ಟರೇಟ್’ ನಮ್ಮ ಭಾಗದಲ್ಲಿ ಬೇಕಾದಷ್ಟಾಗಿವೆ. ಅವನ್ನು ಈ ಅರ್ಜಿಗೆ ಲಗತ್ತಿಸುವುದೆಂದರೆ ಸಂಶಯವನ್ನು ಮನೆಗೆ ಕರೆದು ಮಣೆ ಹಾಕಿದಂತೆ. ಹೋಲಿಕೆಗೆ ದೂರ ಹೋಗುವುದು ಬೇಡ. ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಯಾರು ಕೊಟ್ಟರು, ಏಕೆ ಕೊಟ್ಟರು, ಜೊತೆಗೆ ಯಾರಿಗೆ ಸಿಕ್ಕಿತು ಎಂಬುದು ದೇಶಕ್ಕೇ ತೆರೆದಿಟ್ಟ ದಾಖಲೆ. ರಾಷ್ಟ್ರೀಯ ಮನ್ನಣೆ ಎಂದರೆ ಅದು. ಕಾಲೇಜಿನ ಚಿನ್ನದ ಪದಕವನ್ನೂ ಮಕ್ಕಳು ಅಭಿಮಾನದಿಂದ ಲಗತ್ತಿಸುತ್ತಾರೆ. ಪದಕ ದೊಡ್ಡದೇ, ಆದರೆ ಅದರ ಕಣದಲ್ಲಿದ್ದವರು ವಿದ್ಯಾರ್ಥಿಗಳು ಮಾತ್ರ, ಆ ರಂಗದ ಪಳಗಿದ ಕೈಗಳು ಅಲ್ಲಿ ಇರಲಿಲ್ಲ. ಆದ್ದರಿಂದ ಅದಕ್ಕೆ ಸಿಗುವ ತೂಕ ಕಡಿಮೆ.

ಸದಸ್ಯತ್ವದ ಕತೆಯೂ ಇದೇ. ವಾರ್ಷಿಕ ಚಂದಾ ಕಟ್ಟಿದವರೆಲ್ಲ ಸೇರಬಹುದಾದ ಸಂಘ ಲೆಕ್ಕಕ್ಕಿಲ್ಲ. ಸೇರಿಸಿಕೊಳ್ಳುವ ಮುಂಚೆ ಆ ರಂಗದ ತಜ್ಞರು ಸಾಧನೆಯನ್ನು ಅಳೆದಿರಬೇಕು. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಐಇಇಇ ಸಂಸ್ಥೆಯ ‘ಫೆಲೊ’ ಹಂತ ಅಂಥದ್ದು. ತೀರ್ಪುಗಾರಿಕೆಯಲ್ಲಿ ಆಗುವ ತಪ್ಪು ಸಣ್ಣದು, ನಷ್ಟ ದೊಡ್ಡದು. ಪತ್ರಿಕೆಯವರು ಲೇಖನ ಪರಿಶೀಲನೆಗೆ ಕರೆದ ಇಮೇಲ್ ಲಗತ್ತಿಸುತ್ತಾರೆ, ಪರಿಶೀಲಿಸಿ ಮುಗಿಸಿದ್ದಕ್ಕೆ ಬಂದ ಧನ್ಯವಾದದ ಇಮೇಲ್ ಬಿಟ್ಟುಬಿಡುತ್ತಾರೆ. ಕರೆದದ್ದು ಸಾಲದು, ಮಾಡಿದ್ದಕ್ಕೆ ಪುರಾವೆ ಬೇಕು. ಪಿಎಚ್‌.ಡಿ. ಪ್ರಬಂಧಕ್ಕೆ ಹೊರಗಿನ ಪರೀಕ್ಷಕರಾಗಿದ್ದರೆ ವಿಶ್ವವಿದ್ಯಾಲಯದ ನೇಮಕ ಪತ್ರವನ್ನೂ, ಮೌಲ್ಯಮಾಪನ ಮುಗಿದ ಪತ್ರವನ್ನೂ ಜೋಡಿಯಾಗಿ ಇಡಬೇಕು.

ಇನ್ನು ಅರ್ಜಿಯ ಗಟ್ಟಿ ಕಾಳು ಎನ್ನಬಹುದಾದ್ದು ‘ಮಹತ್ವದ ಸ್ವಂತ ಕೊಡುಗೆ’. ಇಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ನಿಲ್ಲುತ್ತವೆ: ಹೊಸದೇ? ಹೊಸದಾದರೆ ಅದರಿಂದ ಆ ರಂಗದಲ್ಲಿ ಏನು ಬದಲಾಯಿತು? ಪೇಟೆಂಟ್ ಮೊದಲನೆಯ ಪ್ರಶ್ನೆಗೆ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಕೊಡುವುದಿಲ್ಲ. ಕಪಾಟಿನಲ್ಲಿ ಮಲಗಿರುವ ಪೇಟೆಂಟಿಗೂ ಬೇರೆಯವರು ಲೈಸೆನ್ಸ್ ಪಡೆದು ಬಳಸುತ್ತಿರುವ ಪೇಟೆಂಟಿಗೂ ಅಜಗಜಾಂತರ. ನಮ್ಮ ಕಡೆಯ ಕೆಲಸಗಳನ್ನೇ ಇಟ್ಟುಕೊಂಡು ನೋಡಿ. ತೋರಣಗಲ್ಲಿನ ಉಕ್ಕಿನ ಉದ್ಯಮದಲ್ಲಿ ಪಳಗಿ ಹೊರದೇಶಕ್ಕೆ ಹೋದ ಲೋಹಶಾಸ್ತ್ರಜ್ಞ ಊದುಕುಲುಮೆಯ ವಿಧಾನವೊಂದನ್ನು ಸುಧಾರಿಸಿದ್ದಾನೆ ಎನ್ನೋಣ. ಒಂದು ಟನ್ ಕಬ್ಬಿಣಕ್ಕೆ ಸುಡುವ ಕೋಕ್ ಎಷ್ಟು ಕಿಲೊ ಇತ್ತು, ಎಷ್ಟಕ್ಕೆ ಇಳಿಯಿತು, ಯಾವ ವರ್ಷ, ತನ್ನ ಕಾರ್ಖಾನೆಯ ಗೋಡೆಯಾಚೆ ಇನ್ನಾರು ಅದನ್ನು ಅಳವಡಿಸಿಕೊಂಡರು, ಇವಿಷ್ಟೂ ಬೇಕು. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ತನ್ನ ಕಂಪನಿಗೆ ಲಾಭವಾಯಿತು ಎಂಬುದು ಒಳ್ಳೆಯ ನೌಕರನ ಲಕ್ಷಣ; ರಂಗಕ್ಕೆ ಲಾಭವಾಯಿತು ಎಂಬುದು ಈ ಅರ್ಜಿಯ ಅಳತೆ. ಕಂಪನಿ ಗುಟ್ಟಿನ ಅಂಕಿ ಕೊಡುವುದಿಲ್ಲ ಎಂದರೆ ಶೇಕಡಾವಾರು ಬದಲಾವಣೆಯನ್ನು ಮಾತ್ರ ಬರೆದ ಪತ್ರ ಕೇಳಬಹುದು, ಬಹಿರಂಗವಾಗಿ ಸಿಗುವ ಪೇಟೆಂಟ್ ದಾಖಲೆ ಮತ್ತು ಸಮ್ಮೇಳನದ ಪ್ರಬಂಧಗಳನ್ನು ಅದಕ್ಕೆ ಆಸರೆಯಾಗಿ ಇಡಬಹುದು.

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದ ತಳಿ ವಿಜ್ಞಾನಿಯಾದರೆ ದಾಖಲೆಯ ಬಗೆ ಬೇರೆ. ತಳಿ ಬಿಡುಗಡೆಯಾದ ಅಧಿಸೂಚನೆ, ಅದರಲ್ಲಿ ತನ್ನ ಹೆಸರು ತಳಿ ಅಭಿವೃದ್ಧಿಪಡಿಸಿದವರ ಸಾಲಿನಲ್ಲಿ ಇರುವುದು, ವರ್ಷಾವಾರು ತಳಿವರ್ಧಕ ಬೀಜದ ಬೇಡಿಕೆ ಎಷ್ಟು ಕ್ವಿಂಟಲ್, ಬೇರೆ ರಾಜ್ಯದವರು ಬೀಜ ತರಿಸಿಕೊಂಡ ಪತ್ರ, ಇತರ ವಿಜ್ಞಾನಿಗಳು ಆ ತಳಿಯನ್ನು ಸಂಕರಣದಲ್ಲಿ ಪೋಷಕ ತಳಿಯಾಗಿ ಬಳಸಿದ ಪ್ರಬಂಧ. ಸಿಂಧನೂರಿನ ರೈತನೊಬ್ಬ ಎಕರೆಗೆ ಎಷ್ಟು ಚೀಲ ಬೆಳೆದ ಎಂಬ ಫೋಟೊಕ್ಕಿಂತ ಬೀಜ ನಿಗಮದ ಮಾರಾಟದ ಒಂದು ಹಾಳೆ ಹೆಚ್ಚು ಮಾತಾಡುತ್ತದೆ. ಕಿನ್ನಾಳದ ಚಿತ್ರಗಾರರ ಮನೆತನದ ಕಲಾವಿದನಾದರೆ ಪ್ರದರ್ಶನದ ಮಾನದಂಡ ನೇರವಾಗಿ ಒದಗುತ್ತದೆ. ಅದು ಇರುವುದೇ ಕಲಾ ಪ್ರದರ್ಶನಕ್ಕೆ, ವ್ಯಾಪಾರ ಮೇಳದ ಮಳಿಗೆಗಲ್ಲ. ಪ್ರದರ್ಶನದ ಕ್ಯಾಟಲಾಗಿನಲ್ಲಿ ಕಲಾವಿದನ ಹೆಸರು ಮತ್ತು ಕೃತಿ ಅಚ್ಚಾಗಿರಬೇಕು. ‘ಕರ್ನಾಟಕದ ಕುಶಲಕರ್ಮಿಗಳು’ ಎಂದಷ್ಟೇ ಬರೆದ ಫಲಕದ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಯಾರನ್ನೂ ಗುರುತಿಸುವುದಿಲ್ಲ. ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ‘ಕಿಟ್ಟ’ ಕಟ್ಟುವ ವಿದ್ಯೆಯಲ್ಲಿ ಈ ಕಲಾವಿದ ಏನನ್ನು ಹೊಸದಾಗಿ ತಂದ ಎಂದು ಒಬ್ಬ ಕಲಾ ವಿಮರ್ಶಕ ಬರೆದುಕೊಟ್ಟರೆ ಅದಕ್ಕೆ ಬೆಲೆ. ಮನೆತನದ ವಿದ್ಯೆ ಎಷ್ಟು ಹಳೆಯದು ಎಂಬುದು ಅರ್ಜಿಯ ಹಿನ್ನೆಲೆಯಾದೀತೇ ಹೊರತು ಅರ್ಜಿದಾರನ ಸಾಧನೆಯಾಗದು.

ಶಿಫಾರಸು ಪತ್ರಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿಂದ ಹೋಗುವ ಪತ್ರಗಳಲ್ಲಿ ಪದೇ ಪದೇ ಕಾಣುವ ಸಾಲು ಇದು: ‘ಇವರು ನಮ್ಮ ಕಾಲೇಜಿನ ಪ್ರತಿಭಾವಂತ ವಿದ್ಯಾರ್ಥಿ, ಶ್ರಮಜೀವಿ, ಸಜ್ಜನ, ಇವರ ಭವಿಷ್ಯ ಉಜ್ವಲವಾಗಲೆಂದು ಹಾರೈಸುತ್ತೇನೆ.’ ಗುರುಗಳು ಮನಸಾರೆ ಬರೆದಿರುತ್ತಾರೆ, ಸಂದೇಹವಿಲ್ಲ. ಆದರೆ ಇದು ನಡತೆ ಪ್ರಮಾಣ ಪತ್ರ. ಬೇಕಾದ ಸಾಲು ಹೀಗಿರಬೇಕು: ‘2019ರಲ್ಲಿ ಇವರು ಪ್ರಕಟಿಸಿದ ವಿಧಾನವನ್ನು ನಮ್ಮ ಪ್ರಯೋಗಾಲಯದಲ್ಲಿ 2021ರಿಂದ ಬಳಸುತ್ತಿದ್ದೇವೆ. ಅದಕ್ಕೂ ಮುಂಚೆ ಒಂದು ಮಾದರಿಯ ಪರೀಕ್ಷೆಗೆ ಮೂರು ದಿನ ಹಿಡಿಯುತ್ತಿತ್ತು, ಈಗ ಆರು ಗಂಟೆ. ನಾನು ಇವರ ಜೊತೆ ಎಂದೂ ಕೆಲಸ ಮಾಡಿಲ್ಲ, ಇವರ ಪ್ರಬಂಧ ಓದಿ ತಿಳಿದುಕೊಂಡೆ.’ ಈ ಕಡೆಯ ವಾಕ್ಯದ ತೂಕ ಬಹಳ. ಹತ್ತಿರದವರು ಕೆಲಸದ ವಿವರ ಕೊಡಬಲ್ಲರು, ಮುಖ ನೋಡದ ತಜ್ಞನೊಬ್ಬ ಮಾತ್ರ ಕೀರ್ತಿಗೆ ಸಾಕ್ಷಿಯಾಗಬಲ್ಲ. ಐದಾರು ಪತ್ರಗಳಿದ್ದರೆ ಅರ್ಧಕ್ಕೂ ಹೆಚ್ಚು ಇಂಥ ಹೊರಗಿನವರಿಂದ ಬಂದರೆ ಒಳ್ಳೆಯದು. ಒಬ್ಬರೇ ಕರಡು ಬರೆದು ಐದು ಜನರಿಂದ ಸಹಿ ಹಾಕಿಸುವ ಚಾಳಿ ಬಹಳ ಅಪಾಯದ್ದು. ಒಂದೇ ನುಡಿಗಟ್ಟು, ಒಂದೇ ಕಾಗುಣಿತದ ತಪ್ಪು ಐದೂ ಪತ್ರದಲ್ಲಿ ಕಂಡರೆ ಐದೂ ಬಿದ್ದುಹೋಗುತ್ತವೆ. ಪತ್ರದಲ್ಲಿ ಹೇಳಿದ ಪ್ರತಿಯೊಂದು ಮಾತಿಗೂ ಬೇರೊಂದು ಕಾಗದ ಆಸರೆಯಾಗಿರಬೇಕು. ಬರೀ ಪತ್ರಗಳ ಮೇಲೆ ನಿಂತ ಅರ್ಜಿ ಉಳಿಯುವುದಿಲ್ಲ.

ನಿರ್ಣಾಯಕ ಪಾತ್ರಕ್ಕೆ ಎಚ್‌ಆರ್ ವಿಭಾಗದ ಅನುಭವ ಪತ್ರ ಸಾಲದು. ಅದರಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು ಬಿಟ್ಟರೆ ಏನಿರುತ್ತದೆ? ಯಾವ ಕೆಲಸ ಇವರಿಂದಾಯಿತು, ಇವರಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಮೇಲಧಿಕಾರಿ ವಿವರವಾಗಿ ಬರೆಯಬೇಕು, ಆ ಸಂಸ್ಥೆ ಹೆಸರಾಂತದ್ದು ಎಂಬುದನ್ನೂ ಬೇರೆಯಾಗಿ ತೋರಿಸಬೇಕು. ಸಂಬಳದ ವಿಷಯದಲ್ಲಿ ಊರಿನವರ ಲೆಕ್ಕ ತಪ್ಪುವುದು ರೂಪಾಯಿ–ಡಾಲರ್ ಗುಣಾಕಾರದಿಂದ. ಡಾಲರ್ ಸಂಬಳವನ್ನು ರೂಪಾಯಿಗೆ ತಿರುಗಿಸಿ ‘ಕೋಟಿ ದಾಟಿತು’ ಎಂದರೆ ಅಧಿಕಾರಿಗೆ ಅದು ಏನೂ ಅಲ್ಲ. ಅದೇ ವೃತ್ತಿ, ಅದೇ ಊರು, ಅದೇ ವರ್ಷ. ಅಲ್ಲಿನ ಕಾರ್ಮಿಕ ಅಂಕಿಅಂಶ ಸಂಸ್ಥೆಯ ವೇತನ ಪಟ್ಟಿಯಲ್ಲಿ ಮೇಲಿನ ಶೇಕಡಾ ಹತ್ತರಲ್ಲಿದ್ದಾನೆಯೇ ಎಂಬುದು ನೋಡಬೇಕಾದ್ದು. ಇಂಡಿಯಾದಲ್ಲಿ ದುಡಿದ ಸಂಬಳವನ್ನು ಇಂಡಿಯಾದ ವೇತನಗಳ ಜೊತೆಗೇ ಹೋಲಿಸುತ್ತಾರೆ, ಡಾಲರಿಗೆ ತಿರುಗಿಸಿ ಅಳೆಯುವುದಿಲ್ಲ. ಇದು ನಮ್ಮವರಿಗೆ ಅನುಕೂಲವೇ.

ಈಗ ನೇರವಾಗಿ ತಮ್ಮ ಮನೆಯ ಬಾಗಿಲಿಗೆ ಬರುತ್ತೇವೆ. ಪ್ರಮುಖ ಮಾಧ್ಯಮದ ಬರಹವನ್ನು ಸಾಕ್ಷ್ಯವಾಗಿ ಒಪ್ಪಬೇಕಾದರೆ ಶೀರ್ಷಿಕೆ, ದಿನಾಂಕ, ಬರೆದವರ ಹೆಸರು, ಈ ಮೂರನ್ನೂ ನಿಯಮವೇ ಕೇಳುತ್ತದೆ. ಬರಹ ವ್ಯಕ್ತಿಯ ಬಗ್ಗೆ, ಅವರ ಕೆಲಸದ ಬಗ್ಗೆ ಇರಬೇಕು. ಜಿಲ್ಲಾ ಪುಟದ ಸುದ್ದಿ ಹೇಗಿರುತ್ತದೆ? ‘ಕೊಪ್ಪಳ:’ ಎಂದು ಶುರುವಾಗುತ್ತದೆ, ವರದಿಗಾರನ ಹೆಸರಿಲ್ಲ. ‘ತಾಲ್ಲೂಕಿನ ಹೆಮ್ಮೆಯ ಪುತ್ರ ಅಮೆರಿಕದಲ್ಲಿ ಅಪಾರ ಸಾಧನೆ ಮಾಡಿ ಊರಿಗೆ ಕೀರ್ತಿ ತಂದಿದ್ದಾರೆ’ ಎಂಬ ಒಂದು ವಾಕ್ಯ, ನಂತರ ವೇದಿಕೆಯ ಮೇಲಿದ್ದ ಹನ್ನೆರಡು ಗಣ್ಯರ ಹೆಸರು, ‘ಮುಂತಾದವರು ಉಪಸ್ಥಿತರಿದ್ದರು’. ಏನು ಸಾಧನೆ? ಇಡೀ ಸುದ್ದಿಯಲ್ಲಿ ಅದೊಂದೇ ಇಲ್ಲ. ಇದನ್ನು ಎಷ್ಟು ಚೆನ್ನಾಗಿ ಅನುವಾದಿಸಿದರೂ ಇಂಗ್ಲಿಷಿನಲ್ಲಿ ಸಿಗುವುದು ಹನ್ನೆರಡು ಗಣ್ಯರ ಪಟ್ಟಿ. ಕತ್ತರಿಯವರ ತಪ್ಪೂ ಇದೆ: ಸುದ್ದಿಯ ಅಂಚಿಗೆ ಕತ್ತರಿಸುವಾಗ ಪುಟದ ತಲೆಯಲ್ಲಿರುವ ಪತ್ರಿಕೆಯ ಹೆಸರು, ಆವೃತ್ತಿ, ದಿನಾಂಕ, ಪುಟ ಸಂಖ್ಯೆ ಹೋಗಿಬಿಡುತ್ತವೆ. ಇಡೀ ಪುಟವನ್ನು ಮಡಚಿ ಇಡಬೇಕು. ಪತ್ರಿಕೆಯ ಪ್ರಸಾರ ಎಷ್ಟು ಎಂಬ ಪುರಾವೆಯನ್ನೂ, ಸಿಕ್ಕರೆ ಪ್ರಸಾರ ಲೆಕ್ಕಪರಿಶೋಧನಾ ಸಂಸ್ಥೆಯ ಪ್ರಮಾಣ ಪತ್ರವನ್ನೂ ಜೊತೆಗಿಡಬೇಕು, ಏಕೆಂದರೆ ಕನ್ನಡ ಪತ್ರಿಕೆಯೊಂದು ಎಷ್ಟು ದೊಡ್ಡದು ಎಂಬುದು ಅಲ್ಲಿನ ಅಧಿಕಾರಿಗೆ ಗೊತ್ತಿರುವುದಿಲ್ಲ. ಹಣ ಕೊಟ್ಟು ಹಾಕಿಸಿದ ‘ಸಾಧಕರ ಪರಿಚಯ’ ಪುರವಣಿ ಜಾಹೀರಾತೇ ಹೊರತು ಸುದ್ದಿಯಲ್ಲ. ಹಾಗೆಂದು ಗೊತ್ತಾದ ದಿನ ಅರ್ಜಿಯ ಉಳಿದ ಸುದ್ದಿಗಳೂ ನಂಬಿಕೆ ಕಳೆದುಕೊಳ್ಳುತ್ತವೆ.

ಅನುವಾದದ ನಿಯಮ ಸರಳ, ಆದರೂ ಹೆಚ್ಚಿನವರು ತಪ್ಪುತ್ತಾರೆ. ಇಂಗ್ಲಿಷ್ ಅಲ್ಲದ ಯಾವುದೇ ದಾಖಲೆಗೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಮುಖ್ಯ ಭಾಗ ಮಾತ್ರ ಮಾಡಿದರೆ ನಡೆಯುವುದಿಲ್ಲ, ಫೋಟೊದ ಅಡಿಬರಹ, ಮೊಹರಿನೊಳಗಿನ ಅಕ್ಷರ, ಪಕ್ಕದಲ್ಲಿ ಕೈಬರಹದಲ್ಲಿರುವ ಷರಾ, ಎಲ್ಲವೂ ಬರಬೇಕು. ಓದಲಾಗದ ಮೊಹರಿದ್ದರೆ ‘ಮೊಹರು ಅಸ್ಪಷ್ಟ’ ಎಂದು ಬರೆಯಬೇಕು, ಊಹೆ ಮಾಡಿ ತುಂಬಬಾರದು. ಅನುವಾದ ಪೂರ್ಣವೂ ನಿಖರವೂ ಆಗಿದೆ, ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸಲು ತಾನು ಸಮರ್ಥ ಎಂದು ಅನುವಾದಕ ಹೆಸರು, ಸಹಿ, ದಿನಾಂಕದೊಂದಿಗೆ ದೃಢೀಕರಿಸಬೇಕು. ಇದಕ್ಕೆ ಛಾಪಾ ಕಾಗದವೂ ಬೇಡ, ನೋಟರಿಯ ಕೆಂಪು ಮೊಹರೂ ಕಡ್ಡಾಯವಲ್ಲ. ಅಭ್ಯರ್ಥಿಯೇ ತನ್ನ ದಾಖಲೆ ಅನುವಾದಿಸದಿರುವುದು ಲೇಸು. ಮೊಬೈಲಿನ ಯಂತ್ರಾನುವಾದವನ್ನು ಹಾಗೇ ಮುದ್ರಿಸಿ ಕಳಿಸಿದರೆ ಅದಕ್ಕೆ ಯಾರ ಹೊಣೆಯೂ ಇಲ್ಲದ್ದರಿಂದ ಬೆಲೆಯೂ ಇಲ್ಲ.

ನಮ್ಮ ಮೂರು ಜಿಲ್ಲೆಯವರಿಗೇ ಇರುವ ಒಂದು ತೊಡಕನ್ನು ಹೇಳಲೇಬೇಕು. 1985ರಲ್ಲಿ ಗಂಗಾವತಿಯಲ್ಲಿ ಹುಟ್ಟಿದವರ ಜನನ ಪ್ರಮಾಣ ಪತ್ರದಲ್ಲಿ ‘ರಾಯಚೂರು ಜಿಲ್ಲೆ’ ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಕೊಪ್ಪಳ. ಕೊಪ್ಪಳ ಜಿಲ್ಲೆಯಾದದ್ದೇ 1997ರಲ್ಲಿ. ಹೊಸಪೇಟೆಯವರ ಹಳೆಯ ಕಾಗದದಲ್ಲಿ ಬಳ್ಳಾರಿ ಜಿಲ್ಲೆ, 2021ರ ನಂತರದ್ದರಲ್ಲಿ ವಿಜಯನಗರ. ಇಂಗ್ಲಿಷಿನಲ್ಲಿ ‘ಬೆಲ್ಲರಿ’ ಎಂದಿದ್ದದ್ದು 2014ರ ನವೆಂಬರ್ 1ರಿಂದ ‘ಬಳ್ಳಾರಿ’ ಆಯಿತು. ಹಳೆಯ ಪದವಿ ಗುಲ್ಬರ್ಗಾ ವಿಶ್ವವಿದ್ಯಾಲಯದ್ದು, ಅದೇ ಕಾಲೇಜಿನ ತಮ್ಮನ ಪದವಿ 2010ರಲ್ಲಿ ಆರಂಭವಾದ ಬಳ್ಳಾರಿಯ ವಿಶ್ವವಿದ್ಯಾಲಯದ್ದು. ಇದೆಲ್ಲ ನಮಗೆ ಗೊತ್ತು. ಟೆಕ್ಸಸ್‌ನಲ್ಲೋ ನೆಬ್ರಾಸ್ಕದಲ್ಲೋ ಕುಳಿತು ಓದುವವರಿಗೆ ಇದು ಎರಡು ಬೇರೆ ಊರು, ಎರಡು ಬೇರೆ ಮನುಷ್ಯ. ಅನುವಾದಕರು ಅಡಿಟಿಪ್ಪಣಿಯಲ್ಲಿ ಸೇರಿಸುವ ಒಂದು ಸಾಲಿನ ವಿವರಣೆ, ಸರ್ಕಾರಿ ಅಧಿಸೂಚನೆಯ ಪ್ರತಿ, ಇಷ್ಟರಿಂದ ಗೊಂದಲ ತಪ್ಪುತ್ತದೆ. ಹೆಸರಿನ ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಹಿಂದೆ ಇರುವವರು ‘ಇಬ್ಬರೂ ಒಬ್ಬರೇ’ ಎಂಬ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡಲಿ. ಜನನ ದಾಖಲೆ ಐ-140ಕ್ಕೆ ಬೇಕಾಗುವುದಿಲ್ಲ, ಅದರ ಮುಂದಿನ ಹಂತಕ್ಕೆ ಬೇಕು. ಹಳ್ಳಿಯಲ್ಲಿ ಹುಟ್ಟಿ ನೋಂದಣಿಯೇ ಆಗದವರು ಅಲಭ್ಯತಾ ಪ್ರಮಾಣ ಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂಥ ಶಾಲಾ ದಾಖಲೆ, ಹುಟ್ಟನ್ನು ಸ್ವತಃ ಬಲ್ಲ ಇಬ್ಬರು ಹಿರಿಯರ ಅಫಿಡವಿಟ್ ಸಿದ್ಧಪಡಿಸಿಕೊಳ್ಳಬೇಕು. ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.

ಅರ್ಜಿ ಹಾಕಿದ ದಿನಕ್ಕೆ ಏನಿತ್ತೋ ಅದಷ್ಟೇ ಲೆಕ್ಕಕ್ಕೆ. ಹೆಚ್ಚಿನ ಪುರಾವೆ ಕೇಳಿ ಆರ್‌ಎಫ್‌ಇ ಬಂದ ಮೇಲೆ ಗಾಬರಿಯಿಂದ ಹೊಸ ಪ್ರಶಸ್ತಿ, ಹೊಸ ಸದಸ್ಯತ್ವ ಕೊಳ್ಳಲು ಓಡುವುದು ಹಣ ಸುಟ್ಟಂತೆ. ಅರ್ಜಿಯ ದಿನಾಂಕದ ನಂತರದ ಸಾಧನೆಯನ್ನು ಅವರು ಪರಿಗಣಿಸುವುದಿಲ್ಲ. ಆರ್‌ಎಫ್‌ಇಗೆ ಉತ್ತರಿಸಲು ಹೆಚ್ಚೆಂದರೆ 84 ದಿನದ ಗಡುವು. ಕೇಳಿದ್ದಕ್ಕೆಲ್ಲ ಒಂದೇ ಕಂತಿನಲ್ಲಿ ಉತ್ತರ ಕೊಡಬೇಕು, ಮತ್ತೊಮ್ಮೆ ಅವಧಿ ವಿಸ್ತರಣೆ ಇಲ್ಲ. ತಿರಸ್ಕರಿಸುವ ಇರಾದೆಯ ನೋಟಿಸ್ ಬಂದರೆ 30 ದಿನ ಮಾತ್ರ. ವಿಶ್ವವಿದ್ಯಾಲಯದಿಂದಲೋ ಹಳೆಯ ಕಚೇರಿಯಿಂದಲೋ ಒಂದು ಪತ್ರ ತರಲು ನಮ್ಮಲ್ಲಿ ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಬಲ್ಲವರು ಅರ್ಜಿಗೆ ಆರು ತಿಂಗಳು ಮುಂಚೆಯೇ ದಾಖಲೆ ಕೂಡಿಸಲು ತೊಡಗುವುದು ಒಳ್ಳೆಯದು.

ಸುಳ್ಳು ದಾಖಲೆಯ ಫಲ ಬರೀ ತಿರಸ್ಕಾರವೆಂದು ಯಾರೂ ಭಾವಿಸಬಾರದು. ಬೇರೆಯವರು ಬರೆದ ಪ್ರಬಂಧಕ್ಕೆ ತನ್ನ ಹೆಸರು, ಮಾಡದ ತೀರ್ಪುಗಾರಿಕೆಗೆ ಪ್ರಮಾಣ ಪತ್ರ, ಇಂಥವನ್ನು ತಿಳಿದೂ ತಿಳಿದೂ ಸಲ್ಲಿಸಿದ್ದು ಸಾಬೀತಾದರೆ ಅಮೆರಿಕ ಪ್ರವೇಶಕ್ಕೇ ಶಾಶ್ವತ ಅಡ್ಡಿ ಬರುತ್ತದೆ. ಒಪ್ಪಿಗೆಯಾದ ಅರ್ಜಿಯನ್ನೂ ಆಮೇಲೆ ಅವರು ರದ್ದುಪಡಿಸಬಹುದು. ಸಹಿ ಹಾಕಿದವನು ಅಭ್ಯರ್ಥಿ, ಪ್ಯಾಕೇಜ್ ಮಾರಿದವನಲ್ಲ. ಒಪ್ಪಿಗೆ ಸಿಕ್ಕಿತೆಂದರೆ ಮರುದಿನವೇ ಕಾರ್ಡ್ ಎಂಬುದೂ ತಪ್ಪು ತಿಳಿವಳಿಕೆ. ವರ್ಷದ ವೀಸಾಗಳಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ರ ಮಿತಿ ಇರುವುದರಿಂದ ಇಬಿ-1ರಲ್ಲೂ ಭಾರತೀಯರಿಗೆ ಸಾಲು ಇದೆ. ತಿಂಗಳು ತಿಂಗಳು ಬರುವ ವೀಸಾ ಬುಲೆಟಿನ್‌ನಲ್ಲಿ ಆ ತಿಂಗಳ ಕಟ್‌ಆಫ್ ದಿನಾಂಕ ನೋಡಬೇಕು. ಇಬಿ-2ರಲ್ಲಿ ಹಿಂದೆಯೇ ಒಪ್ಪಿಗೆಯಾದ ಐ-140 ಇದ್ದವರು ಅದರ ಹಳೆಯ ಪ್ರಯಾರಿಟಿ ಡೇಟನ್ನು, ಅಂದರೆ ಸಾಲಿನಲ್ಲಿ ತಮ್ಮ ಸ್ಥಾನ ಗೊತ್ತುಮಾಡುವ ದಿನಾಂಕವನ್ನು, ಇಬಿ-1ಎಗೆ ತಂದುಕೊಳ್ಳಬಹುದು. ಹತ್ತು ವರ್ಷ ಕಾದವರಿಗೆ ಇದರಿಂದ ಆಗುವ ಅನುಕೂಲ ದೊಡ್ಡದು. ಅರ್ಹತೆ ಅಷ್ಟು ಎತ್ತರ ಇಲ್ಲದವರಿಗೆ ರಾಷ್ಟ್ರೀಯ ಹಿತಾಸಕ್ತಿಯ ಇಬಿ-2 ಅರ್ಜಿ ಇದ್ದೇ ಇದೆ, ಅದರ ಅಳತೆಗೋಲೇ ಬೇರೆ. ಪರವಾನಗಿ ಇರುವ ಅಮೆರಿಕದ ವಕೀಲರಿಂದ ಮೊದಲು ‘ಯಾವುದು ನನಗೆ ಹೊಂದುತ್ತದೆ’ ಎಂದು ಕೇಳಿಕೊಂಡು ನಂತರ ದುಡ್ಡು ಬಿಚ್ಚಬೇಕು.

ತಮ್ಮಲ್ಲಿ ನಮ್ಮ ಕೋರಿಕೆ ನಾಲ್ಕೇ. ಜಿಲ್ಲಾ ಪುಟದಲ್ಲಿ ವ್ಯಕ್ತಿ ಪರಿಚಯ ಬಂದಾಗ ಬರೆದ ವರದಿಗಾರರ ಹೆಸರು ಹಾಕಿ. ಅವರು ಬಿಸಿಲಲ್ಲಿ ಸುತ್ತಿ ಬರೆದದ್ದಕ್ಕೆ ಅದು ಸಲ್ಲಬೇಕಾದ ಗೌರವವೂ ಹೌದು. ಸಾಧಕನ ಬಗ್ಗೆ ಬರೆಯುವಾಗ ವೇದಿಕೆಯ ಮೇಲಿದ್ದವರ ಪಟ್ಟಿ ಅರ್ಧ ಮಾಡಿ, ಆತ ಏನು ಮಾಡಿದ ಎಂಬುದಕ್ಕೆ ನಾಲ್ಕು ಸಾಲು ಕೊಡಿ. ಹಣ ಪಡೆದ ಪುಟದ ಮೇಲೆ ‘ಜಾಹೀರಾತು’ ಎಂದು ಕಾಣುವಂತೆ ಅಚ್ಚು ಮಾಡಿ. ಹಾಗೆಯೇ, ಹಳೆಯ ಸಂಚಿಕೆ ಹುಡುಕಿಕೊಂಡು ತಮ್ಮ ಕಚೇರಿಗೆ ಬರುವ ತಂದೆಯೊಬ್ಬರಿಗೆ ಆ ಪುಟದ ಪೂರ್ಣ ಪ್ರತಿ ತೆಗೆದು, ಆವೃತ್ತಿ, ದಿನಾಂಕ, ಪುಟ ಸಂಖ್ಯೆ ಬರೆದು ಕಚೇರಿಯ ಮೊಹರು ಹಾಕಿಕೊಡುವ ವ್ಯವಸ್ಥೆಯನ್ನು ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಮಾಡಿದರೆ, ಎಷ್ಟು ಶುಲ್ಕವಾದರೂ ಅವರು ಸಂತೋಷದಿಂದ ಕೊಡುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
ದಾಖಲೆ ಅನುವಾದಕರು, ಬಳ್ಳಾರಿ